ನಿಂತಲ್ಲಿ ನಡುಗುವ ಕಾರು



ಕಳೆದ ತಿಂಗಳು ಇದೇ ಅಂಕಣದಲ್ಲಿ ಮಳೆಗಾಲದಲ್ಲಿ ವಖಾರದ ಮಾಲನ್ನು ಹೇಗೆ ಕಾಯ್ದುಕೊಳ್ಳಬೇಕೆಂದು ಬರೆದಿದ್ದೆವು. ಈ ಸಲ ವಖಾರದ ಹೊರಗೆ ನಿಲ್ಲುವ ಕಾರಿನ ಮಾತು. ನಮ್ಮ ವ್ಯಾಪಾರಿ ಮನೆತನಗಳಲ್ಲಿ ಹೆಚ್ಚಿನವರ ಮನೆಯ ಮುಂದೆ ಈಗ ಒಂದು ಕಾರು ನಿಂತಿರುತ್ತದೆ. ಪೇಟೆಗೆ, ಆಸ್ಪತ್ರೆಗೆ, ಲಗ್ನಕ್ಕೆ, ಕ್ಷೇತ್ರ ದರ್ಶನಕ್ಕೆ ಅದೇ ಆಧಾರ. ಆ ಕಾರು ರಸ್ತೆಯಲ್ಲಿ ಚೆನ್ನಾಗಿ ಓಡುತ್ತದೆ, ಆದರೆ ರೈಲ್ವೆ ಗೇಟಿನಲ್ಲಿ ನಿಂತಾಗ ಥಂಡಿ ಜ್ವರ ಬಂದವರಂತೆ ನಡುಗತೊಡಗುತ್ತದೆ. ಸ್ಟೇರಿಂಗ್ ಅದುರುತ್ತದೆ, ಕನ್ನಡಿಯಲ್ಲಿ ಹಿಂದಿನ ಗಾಡಿ ಎರಡಾಗಿ ಕಾಣುತ್ತದೆ, ಕೆಲವೊಮ್ಮೆ ಇಂಜಿನ್ ಆರಿಯೇ ಹೋಗುತ್ತದೆ. ಇದಕ್ಕೆ ಗ್ಯಾರೇಜಿನವರು ಐಡ್ಲಿಂಗ್ ಸರಿಯಿಲ್ಲ, ಗಾಡಿ ಮಿಸ್ ಹೊಡೆಯುತ್ತದೆ ಎನ್ನುತ್ತಾರೆ.

ನಾವು ಇಂಜಿನಿಯರ್ ಅಲ್ಲ. ಮೆಟ್ರಿಕ್ ಮುಗಿಸಿ ಅಂಗಡಿಯ ಗಾದಿಯ ಮೇಲೆ ಕುಳಿತವರು. ಆದರೆ ಈ ಒಂದು ಕಾಯಿಲೆಯಿಂದ ನಮಗೆ ಹಣದ ಹಾನಿಯಾಯಿತು. ಅದಕ್ಕಿಂತ ದೊಡ್ಡದಾದ ಇನ್ನೊಂದು ಹಾನಿಯೂ ಆಯಿತು. ನಿಮಗೆ ಆ ಪಾಳಿ ಬರಬಾರದೆಂದು ಬರೆಯುತ್ತಿದ್ದೇವೆ.

ನಮ್ಮ ಮನೆಗೆ ಮೊದಲ ಕಾರು ಬಂದದ್ದು 1986ರಲ್ಲಿ. ತೀರ್ಥರೂಪರು ಒಬ್ಬ ಡಾಕ್ಟರರಿಂದ ಪ್ರೀಮಿಯರ್ ಪದ್ಮಿನಿ ಕೊಂಡರು. ಆ ಕಾರಿನ ಬಗ್ಗೆ ನಮ್ಮ ಹಿರಿಯರಿಗೆ ಒಂದು ಅಭಿಮಾನವಿತ್ತು. ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು 1944ರಲ್ಲಿ ಸ್ಥಾಪಿಸಿದ ವಾಲಚಂದ ಹಿರಾಚಂದರು 1882ರಲ್ಲಿ ಸೊಲ್ಲಾಪುರದ ಜೈನ ವ್ಯಾಪಾರಿ ಮನೆತನದಲ್ಲಿ ಹುಟ್ಟಿದವರು. ಸಾಂಗಲಿಯಲ್ಲಿ 1947ರಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜು ಇಂದು ಅವರ ಹೆಸರಿನಲ್ಲಿಯೇ ಇದೆ. ಪದ್ಮಿನಿಯದು 1089 ಸಿಸಿಯ ನಾಲ್ಕು ಸಿಲಿಂಡರಿನ ಇಂಜಿನ್. ಆಗಿನ ಹೆಚ್ಚಿನ ಪೆಟ್ರೋಲ್ ಕಾರುಗಳಂತೆ ಅದಕ್ಕೂ ಕಾರ್ಬೊರೇಟರ್ ಇತ್ತು. ಅದರಲ್ಲಿ ನಿಂತಾಗಿನ ವೇಗಕ್ಕೆ ಒಂದು ತಿರುಪು, ಗಾಳಿ ಪೆಟ್ರೋಲಿನ ಮಿಶ್ರಣಕ್ಕೆ ಇನ್ನೊಂದು ತಿರುಪು. ಗಾಡಿ ನಡುಗಿದರೆ ಡ್ರೈವರನೇ ಬಾನೆಟ್ ಎತ್ತಿ, ಪ್ಲಗ್ ಬಿಚ್ಚಿ ಉಜ್ಜಿ, ಪಾಯಿಂಟಿನ ಅಂತರ ನೋಡಿ, ತಿರುಪನ್ನು ಅರ್ಧ ಸುತ್ತು ಆಚೆ ಈಚೆ ಮಾಡಿ ಕಿವಿಯಿಂದಲೇ ಸರಿಪಡಿಸುತ್ತಿದ್ದ.

ಈಗಿನ ಕಾರಿನಲ್ಲಿ ಆ ತಿರುಪುಗಳಿಲ್ಲ. ಕಾರ್ಬೊರೇಟರ್ ಹೋಗಿ ಇಂಜೆಕ್ಟರ್ ಬಂದಿದೆ. ಎಷ್ಟು ಪೆಟ್ರೋಲ್ ಬಿಡಬೇಕು, ಯಾವಾಗ ಕಿಡಿ ಹಾರಿಸಬೇಕು ಎಂಬುದನ್ನು ಒಳಗಿರುವ ಪುಟ್ಟ ಕಂಪ್ಯೂಟರ್ ಗೊತ್ತು ಮಾಡುತ್ತದೆ. ಆದರೆ ಇಂಜಿನ್ ಬೇಡುವುದು ಅಂದೂ ಇಂದೂ ಮೂರೇ ವಸ್ತು. ಹದವಾದ ಗಾಳಿ ಪೆಟ್ರೋಲ್, ಹೊತ್ತಿಗೆ ಸರಿಯಾದ ಕಿಡಿ, ಸಿಲಿಂಡರಿನೊಳಗೆ ಸಾಕಷ್ಟು ಒತ್ತಡ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಈ ತೂಕ ತಪ್ಪಿದರೆ ಇಂಜಿನ್ ತಕರಾರು ಮಾಡುತ್ತದೆ.

ನಿಂತಾಗಲೇ ಏಕೆ ನಡುಗುತ್ತದೆ? ನಿಂತ ಕಾರಿನ ಇಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಿರುತ್ತದೆ. ನಾಲ್ಕು ಸಿಲಿಂಡರಿನ ಇಂಜಿನ್ನಿನಲ್ಲಿ ಎರಡು ಸುತ್ತಿಗೆ ನಾಲ್ಕು ಸಿಡಿತ. ಅಂದರೆ ನಿಮಿಷಕ್ಕೆ 1600. ಅದರಲ್ಲಿ ಒಂದು ಸಿಲಿಂಡರ್ ಕೆಲಸ ಬಿಟ್ಟರೆ ನಿಮಿಷಕ್ಕೆ 400 ಸಿಡಿತ ಖೋತಾ. ನಾಲ್ಕು ಕಾಲಿನ ಹೊರಸಿನಲ್ಲಿ ಒಂದು ಕಾಲು ಗಿಡ್ಡಾದಂತೆ. ವೇಗದಲ್ಲಿ ಓಡುವಾಗ ತಿರುಗುವ ರಭಸದಿಂದ ಈ ಕೊರತೆ ಅಷ್ಟಾಗಿ ತಿಳಿಯುವುದಿಲ್ಲ. ಇನ್ನೊಂದು ಕಾರಣವೂ ಇದೆ. ನಿಂತಾಗ ಗಾಳಿಯ ಬಾಗಿಲು ಬಹುತೇಕ ಮುಚ್ಚಿರುತ್ತದೆ, ಇಂಜಿನ್ ಒಳಗಿನಿಂದ ಬಲವಾಗಿ ಗಾಳಿ ಹೀರುತ್ತಿರುತ್ತದೆ. ಆಗ ಎಲ್ಲಾದರೂ ಒಂದು ಸಣ್ಣ ಸೀಳಿದ್ದರೂ ಅದರಿಂದ ನುಗ್ಗುವ ಗಾಳಿ ದೊಡ್ಡ ಪಾಲಾಗುತ್ತದೆ. ಬಾಗಿಲು ಪೂರ್ತಿ ತೆರೆದಾಗ ಅದೇ ಸೀಳಿನ ಗಾಳಿ ಗಣನೆಗೆ ಬಾರದು. ಬರಗಾಲದಲ್ಲಿ ಒಂದು ಚೀಲದ ಕಳವು ದೊಡ್ಡದು, ಸುಗ್ಗಿಯಲ್ಲಿ ಗೊತ್ತೇ ಆಗುವುದಿಲ್ಲ ಎಂಬಂತೆ.

ಇನ್ನು ನಮ್ಮ ಕಥೆ. ಕಳೆದ ವರ್ಷ ಮಳೆಗಾಲದ ನಂತರದ ಮಾತು. ನಮ್ಮ ಹಿರಿಯ ಸಹೋದರರಿಗೆ ಡಯಾಲಿಸಿಸ್ ಶುರುವಾಗಿ ವಾರಕ್ಕೆ ಎರಡು ದಿನ ಮ್ಹೈಸಾಳದಿಂದ ಮಿರಜಿಗೆ ಹೋಗಿ ಬರುವುದಾಗಿತ್ತು. ಡ್ರೈವರ್ ನಮ್ಮಲ್ಲಿ 17 ವರ್ಷದಿಂದ ಇದ್ದವನು. ಅವನು ಒಂದು ಮುಂಜಾನೆ ಹೇಳಿದ, "ಅಣ್ಣಾ, ಗಾಡಿ ನಿಂತಾಗ ನಡಗಾಕತ್ತೈತ್ರಿ. ಬ್ರೇಕೂ ಒಂದೀಟ ಬಿರುಸ ಆದಂಗ ಅನಸ್ತೈತಿ. ಕಾಲ ಇಟ್ರ ಸುಂಯ್ ಅಂತ ಸಪ್ಪಳಾ ಬರ್ತೈತ್ರಿ."

ಆಗ ಗಾದಿಯ ಮೇಲೆ ನಾಲ್ಕು ಜನ ಗಿರಾಕಿಗಳಿದ್ದರು. ನಾವು ಅಂದೆವು, "ಬ್ರೇಕಿಂದ ಬ್ಯಾರೆ, ಇಂಜಿನ್ನಿಂದ ಬ್ಯಾರೆ. ಸರ್ವಿಸಿಂಗಿಗೆ ಕೊಟ್ಟಾಗ ನೋಡೂಣು ಬಿಡು." ಅವನು ಸುಮ್ಮನಾದ.

ತಿಂಗಳ ಕೊನೆಗೆ ಪೆಟ್ರೋಲಿನ ಖರ್ಚು ಕೂಡಿಸಿದೆವು. ಲೀಟರಿಗೆ 14 ಕಿಲೋಮೀಟರ್ ಕೊಡುತ್ತಿದ್ದ ಗಾಡಿ 11ಕ್ಕೆ ಇಳಿದಿತ್ತು. ವ್ಯಾಪಾರಿಯ ಬುದ್ಧಿ ನೋಡಿರಿ. ಖರ್ಚು ಹೆಚ್ಚಾದರೆ ಮೊದಲು ಮನುಷ್ಯನ ಮೇಲೆ ಕಣ್ಣು ಹೋಗುತ್ತದೆ. ಇಬ್ಬರು ಗುಮಾಸ್ತರ ಎದುರಿಗೇ ಡ್ರೈವರನನ್ನು ಕೇಳಿದೆವು, "ಮೂರು ಕಿಲೋಮೀಟರ್ ಎಲ್ಲಿ ಹೋತು?" ಅವನು ಏನೂ ಹೇಳಲಿಲ್ಲ. ಕಾರಿನ ಕೀಲಿಯನ್ನು ಗಾದಿಯ ಮೇಲೆ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದ. ಮರುದಿನ ಬರಲಿಲ್ಲ. ನಾವು ಅದನ್ನು ತಪ್ಪೊಪ್ಪಿಗೆ ಎಂದುಕೊಂಡೆವು.

ಕಾರು ನಡುಗುವುದು ಮಾತ್ರ ನಿಲ್ಲಲಿಲ್ಲ. ಮಗ ಒಂದು ಗ್ಯಾರೇಜಿಗೆ ಒಯ್ದ. ಅಲ್ಲಿ ಏನನ್ನೂ ಪರೀಕ್ಷಿಸದೆ ನಾಲ್ಕು ಪ್ಲಗ್ಗು, ನಾಲ್ಕು ಕಾಯಿಲು ಹೊಸದು ಹಾಕಿದರು. ಬಿಲ್ಲು 11,000 ರೂಪಾಯಿ. ಎರಡು ದಿನ ಸುಧಾರಿಸಿದಂತೆ ಅನಿಸಿ ಮತ್ತೆ ಅದೇ ನಡುಕ. ಎರಡನೆಯ ಗ್ಯಾರೇಜಿನವರು ಪಿಸ್ಟನ್ ರಿಂಗ್ ಸವೆದಿವೆ, ಇಂಜಿನ್ ಬಿಚ್ಚಬೇಕು, 48,000 ಆಗುತ್ತದೆ ಎಂದರು. ಮಗ ಗಾಡಿಯನ್ನೇ ಮಾರಿಬಿಡೋಣ ಎಂದ. ಒಂದು ಸಂಜೆ ಡಯಾಲಿಸಿಸ್ ಮುಗಿಸಿ ಸಹೋದರರನ್ನು ಕರೆತರುವಾಗ ಮಿರಜಿನ ಗದ್ದಲದಲ್ಲಿ ಗಾಡಿ ಮೂರು ಸಲ ಆರಿತು. ಹಿಂದಿನವರ ಹಾರ್ನು, ಒಳಗೆ ಸೋತು ಮಲಗಿದ ಹಿರಿಯರು. ಆ ದಿನ ಮನೆ ಮುಟ್ಟುವಾಗ ಸೂರ್ಯಾಸ್ತವಾಗಿ ಹೋಗಿತ್ತು. ಹಿರಿಯರು ಊಟ ಮಾಡದೆ ಮಲಗಿದರು.

ಒಬ್ಬ ಬೀಗರು ಮಿರಜಿನ ಒಬ್ಬ ವಯಸ್ಸಾದ ಮಿಸ್ತ್ರಿಯ ಹೆಸರು ಹೇಳಿದರು. ಮಿರಜ ತಂಬೂರಿ ಸಿತಾರ ತಯಾರಿಸುವ ಊರು. ಅಲ್ಲಿ ಕಿವಿಯಿಂದಲೇ ದೋಷ ಹಿಡಿಯುವವರು ಬಹಳ. ಈ ಮಿಸ್ತ್ರಿಯೂ ಆ ಜಾತಿಯವರೇ. ಅವರು ಬಾನೆಟ್ ಎತ್ತುವ ಮೊದಲು ನಮ್ಮನ್ನು ಪ್ರಶ್ನೆ ಕೇಳಿದರು. ಯಾವಾಗಿನಿಂದ? ತಂಪಿದ್ದಾಗಲೋ ಕಾದಾಗಲೋ? ರೇಸ್ ಕೊಟ್ಟರೆ ನಡುಕ ಹೋಗುತ್ತದೆಯೋ ಉಳಿಯುತ್ತದೆಯೋ? ಎ.ಸಿ. ಹಾಕಿದಾಗ ಹೇಗೆ? ಬೇರೆ ಏನಾದರೂ ಬದಲಾಗಿದೆಯೇ? ನಮಗೆ ಉತ್ತರ ಗೊತ್ತಿರಲಿಲ್ಲ. "ಗಾಡಿ ಯಾರು ಹೊಡೀತಾರ್ರಿ? ಅವರನ್ನ ಕರ್ಕೊಂಡು ಬರ್ರಿ" ಎಂದರು. ನಾವು ತಲೆ ತಗ್ಗಿಸಿದೆವು. ಆಗ ಥಟ್ಟನೆ ನೆನಪಾಗಿ, "ಬ್ರೇಕ್ ಬಿರುಸಾಗಿದೆ, ಸುಂಯ್ ಎನ್ನುತ್ತದೆ ಎಂದು ಡ್ರೈವರ್ ಹೇಳಿದ್ದ" ಎಂದೆವು.

ಮಿಸ್ತ್ರಿಯ ಮುಖದಲ್ಲಿ ನಗು ಬಂತು. ಇಂಜಿನ್ ಚಾಲೂ ಇಟ್ಟು, ಒಂದು ಮೊಳ ರಬ್ಬರ್ ನಳಿಕೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಡಾಕ್ಟರರು ಎದೆ ನೋಡುವಂತೆ ಅಲ್ಲಲ್ಲಿ ಹಿಡಿದರು. ಬಳಿಕ ಇಂಜಿನ್ನಿನಿಂದ ಬ್ರೇಕಿನ ಬೂಸ್ಟರಿಗೆ ಹೋಗುವ ನಳಿಕೆಯನ್ನು ಬುಡದಲ್ಲಿ ಇಕ್ಕಳದಿಂದ ಒತ್ತಿ ಹಿಡಿದರು. ನಡುಕ ನಿಂತಿತು! ಬಿಟ್ಟರು, ಮತ್ತೆ ನಡುಗಿತು. ನಳಿಕೆ ಬಿಚ್ಚಿ ತಿರುವಿ ತೋರಿಸಿದರು. ಕೆಳಮೈಯಲ್ಲಿ, ಬಾಗಿದ ಜಾಗದಲ್ಲಿ, ಬೆರಳಿನ ಉಗುರಿನಷ್ಟು ಸೀಳು.

ಬೂಸ್ಟರ್ ಎಂದರೆ ನಮ್ಮ ಕಾಲಿನ ಬಲಕ್ಕೆ ಇಂಜಿನ್ನಿನ ಹೀರುವ ಬಲವನ್ನು ಕೂಡಿಸಿ ಬ್ರೇಕ್ ಹಗುರ ಮಾಡುವ ಡಬ್ಬಿ. ನಳಿಕೆ ಸೀಳಿದರೆ ಆ ಬಲ ಕಡಿಮೆಯಾಗಿ ಬ್ರೇಕ್ ಬಿರುಸಾಗುತ್ತದೆ. ಅದೇ ಸೀಳಿನಿಂದ ಲೆಕ್ಕಕ್ಕೆ ಬಾರದ ಗಾಳಿ ಹತ್ತಿರದ ಸಿಲಿಂಡರಿಗೆ ನುಗ್ಗಿ ಅದು ಮಿಸ್ ಹೊಡೆಯುತ್ತದೆ. ಹೊಗೆ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ಗಾಳಿ ಹೆಚ್ಚಾಯಿತೆಂದು ವರದಿ ಕೊಡುತ್ತದೆ. ಕಂಪ್ಯೂಟರ್ ಅದನ್ನು ನಂಬಿ ನಾಲ್ಕೂ ಸಿಲಿಂಡರಿಗೆ ಹೆಚ್ಚು ಪೆಟ್ರೋಲ್ ಬಿಡುತ್ತದೆ. ನಮ್ಮ ಮೂರು ಕಿಲೋಮೀಟರ್ ಹೋದದ್ದು ಅಲ್ಲಿ. ಕೀರ್ದಿಯಲ್ಲಿ ನಮೂದಾಗದ ಒಂದು ರಕಮು ಇಡೀ ಖಾತೆಯನ್ನು ಕೆಡಿಸುವಂತೆ.

ನಳಿಕೆ ಮತ್ತು ಮಜೂರಿ ಸೇರಿ 900 ರೂಪಾಯಿ ಆಯಿತು. ಇನ್ನೂ ಕೆಲವು ವಾರ ಹಾಗೇ ಓಡಿಸಿದ್ದರೆ ಬ್ರೇಕಿನ ಗತಿ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆ ಮಿಸ್ತ್ರಿಯಿಂದ ನಾವು ಕಲಿತ ಕ್ರಮವನ್ನು ಇಲ್ಲಿ ಕೊಡುತ್ತೇವೆ. ಇದು ಪೆಟ್ರೋಲ್ ಕಾರುಗಳ ಮಾತು. ಡೀಸೆಲ್ಲಿನದು ಬೇರೆ ಪ್ರಕರಣ.

ಒಂದು, ಮೊದಲು ಬರೆದಿಡಿರಿ. ನಡುಕ ಯಾವಾಗ ಬರುತ್ತದೆ ಎಂಬುದೇ ಅರ್ಧ ಉತ್ತರ. ರೇಸ್ ಕೊಟ್ಟ ಕೂಡಲೆ ನಡುಕ ಹೋದರೆ ಗಾಳಿಯ ಸೋರಿಕೆ ಇಲ್ಲವೆ ಗಾಳಿಯ ಬಾಗಿಲಿನ ಕೊಳೆಯ ಮೇಲೆ ಸಂಶಯವಿರಲಿ. ಏರು ಹತ್ತುವಾಗಲೂ ಜಗ್ಗಿ ಜಗ್ಗಿ ಹೋದರೆ ಪ್ಲಗ್ಗು, ಕಾಯಿಲ್ ಅಥವಾ ಪೆಟ್ರೋಲಿನ ಪೂರೈಕೆ. ಎ.ಸಿ. ಹಾಕಿದಾಗ ಮಾತ್ರ ನಡುಗಿ ಆರುವಂತಾದರೆ, ಹೆಚ್ಚಿನ ಭಾರಕ್ಕೆ ತಕ್ಕಂತೆ ಇಂಜಿನ್ ವೇಗ ಏರಿಸುವ ವ್ಯವಸ್ಥೆಯಲ್ಲಿ ದೋಷ. ಆರ್‌ಪಿಎಂ ಮುಳ್ಳು ಅಲುಗದೆ ನೆಟ್ಟಗೆ ನಿಂತಿದ್ದು ಮೈ ಮಾತ್ರ ಅದುರುತ್ತಿದ್ದರೆ ಇಂಜಿನ್ ಚೆನ್ನಾಗಿರಬಹುದು, ಅದನ್ನು ಹೊತ್ತ ರಬ್ಬರ್ ಮೌಂಟಿಂಗ್ ಹೋಗಿರುತ್ತದೆ. ಬ್ಯಾಟರಿ ಬದಲಿಸಿದ ಬಳಿಕ ಶುರುವಾಗಿದ್ದರೆ ಸ್ವಲ್ಪ ತಾಳ್ಮೆ ಇರಲಿ. ಕೆಲವು ಕಾರುಗಳ ಕಂಪ್ಯೂಟರ್ ತನ್ನ ಹಳೆಯ ಲೆಕ್ಕ ಮರೆತು ಹೊಸದಾಗಿ ಕಲಿಯಲು ತುಸು ಸಮಯ ತೆಗೆದುಕೊಳ್ಳುತ್ತದೆ.

ಎರಡು, ಖರ್ಚಿಲ್ಲದ್ದನ್ನು ಮೊದಲು ನೋಡಿರಿ. ಏರ್ ಫಿಲ್ಟರ್ ಧೂಳು ತುಂಬಿದೆಯೇ, ಯಾವುದಾದರೂ ನಳಿಕೆ ಕಳಚಿದೆಯೇ ಸೀಳಿದೆಯೇ, ಬ್ಯಾಟರಿಯ ತುದಿಗಳಲ್ಲಿ ಬಿಳಿ ಹಸಿರು ಹುಡಿ ಕಟ್ಟಿದೆಯೇ. ಕೃಷ್ಣೆಯ ದಂಡೆಯ ನಮ್ಮ ಭಾಗದಲ್ಲಿ 2019 ಮತ್ತು 2021ರ ಮಹಾಪೂರದಲ್ಲಿ ನೆನೆದ ಗಾಡಿಗಳಿದ್ದರೆ ವೈರಿನ ಜೋಡಣೆಗಳನ್ನು ಬಿಚ್ಚಿ ನೋಡಿಸಿರಿ. ನೀರು ಇಳಿದು ವರ್ಷಗಳಾದರೂ ಒಳಗಿನ ತುಕ್ಕು ತನ್ನ ಕೆಲಸ ಬಿಡುವುದಿಲ್ಲ. ಇಲಿಗಳು ವೈರು ಕಡಿಯುವುದೂ ಉಂಟು. ಧಾನ್ಯದ ವಖಾರದ ಬಳಿ ಗಾಡಿ ನಿಲ್ಲಿಸುವವರು ಇದನ್ನು ಮರೆಯಬಾರದು.

ಮೂರು, ಪ್ಲಗ್ ಬಿಚ್ಚಿಸಿ ಅದರ ಮುಖ ನೋಡಿರಿ. ಬಿಸ್ಕೀಟಿನಂತೆ ತಿಳಿ ಕಂದು ಇದ್ದರೆ ಆರೋಗ್ಯ. ಒಣ ಕಾಡಿಗೆಯಂತೆ ಕಪ್ಪಿದ್ದರೆ ಪೆಟ್ರೋಲ್ ಹೆಚ್ಚು. ಸುಣ್ಣದಂತೆ ಬಿಳುಪಾಗಿದ್ದರೆ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಅಲ್ಲಿ ಕಿಡಿ ಹತ್ತುತ್ತಿಲ್ಲ. ಎಣ್ಣೆಯ ಜಿಡ್ಡಿದ್ದರೆ ರಿಂಗ್ ಅಥವಾ ವಾಲ್ವಿನ ಸೀಲಿನ ಸಂಶಯ.

ನಾಲ್ಕು, ಸ್ಕ್ಯಾನರ್ ಹಚ್ಚಿಸಿರಿ. ಆದರೆ ಅದರ ಮಾತನ್ನು ತೀರ್ಪು ಎಂದು ತಿಳಿಯಬೇಡಿರಿ. ಪಿ 0302 ಎಂದು ಬಂದರೆ ಎರಡನೆಯ ಸಿಲಿಂಡರ್ ಮಿಸ್ ಹೊಡೆಯುತ್ತದೆ ಎಂದಷ್ಟೇ ಅರ್ಥ. ಏಕೆ ಎಂದು ಅದು ಹೇಳುವುದಿಲ್ಲ. ಪಿ 0171 ಎಂದರೆ ಮಿಶ್ರಣದಲ್ಲಿ ಹದಕ್ಕಿಂತ ಗಾಳಿ ಹೆಚ್ಚಾಗಿದೆ ಎಂದು. ಅದನ್ನು ಓದಿ ಆಕ್ಸಿಜನ್ ಸೆನ್ಸರನ್ನೇ ಬದಲಿಸುವವರಿದ್ದಾರೆ. ಚಾಡಿ ಹೇಳಿದವನನ್ನೇ ಹೊಡೆದಂತೆ ಅದು.

ಐದು, ಅದಲು ಬದಲು ಮಾಡಿ ನೋಡಿಸಿರಿ. ಪ್ರತಿ ಸಿಲಿಂಡರಿಗೆ ಬೇರೆ ಕಾಯಿಲ್ ಇರುವ ಕಾರಿನಲ್ಲಿ ಎರಡನೆಯದರ ಕಾಯಿಲನ್ನು ಮೂರನೆಯದಕ್ಕೆ ಹಾಕಿದಾಗ ದೋಷವೂ ಮೂರನೆಯದಕ್ಕೆ ಹೋದರೆ ಕಾಯಿಲೇ ಅಪರಾಧಿ. ದೋಷ ಅಲ್ಲೇ ಉಳಿದರೆ ಕಾಯಿಲ್ ನಿರಪರಾಧಿ. ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಇದು. ನಮ್ಮ ಮೊದಲ ಗ್ಯಾರೇಜಿನಲ್ಲಿ ಇದನ್ನು ಮಾಡಿದ್ದರೆ 11,000 ಉಳಿಯುತ್ತಿತ್ತು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ನಾಲ್ಕನ್ನು ಕೂಡಿ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ಆರು, ಇಂಜಿನ್ ಬಿಚ್ಚುವ ಮಾತು ಬಂದರೆ ಮೊದಲು ಕಂಪ್ರೆಷನ್ ಗೇಜ್ ಹಚ್ಚಿ ನಾಲ್ಕೂ ಸಿಲಿಂಡರಿನ ಅಂಕಿ ಬರೆದು ತೋರಿಸಲು ಕೇಳಿರಿ. ನಾಲ್ಕೂ ಹೆಚ್ಚು ಕಡಿಮೆ ಸಮನಾಗಿದ್ದು ಕಂಪನಿ ಹೇಳಿದ ಅಳತೆಯೊಳಗೆ ಇದ್ದರೆ ಬಿಚ್ಚುವ ಕಾರಣವಿಲ್ಲ. ಒಂದರಲ್ಲಿ ಮಾತ್ರ ತೀರ ಇಳಿದಿದ್ದರೆ ಆಗ ವಾಲ್ವ್, ರಿಂಗಿನ ವಿಚಾರ. ತೂಕ ಮಾಡದೆ ಮಾಲು ಕೊಳ್ಳದ ನಾವು, ಅಳತೆ ಇಲ್ಲದೆ ಇಂಜಿನ್ ಏಕೆ ಬಿಚ್ಚಿಸಬೇಕು?

ಪೆಟ್ರೋಲಿನ ಬಗ್ಗೆಯೂ ಒಂದು ಮಾತು. ಈಗ ಬಂಕಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ನಮ್ಮ ಕಬ್ಬಿನ ಸೀಮೆಯವರಿಗೆ ಇದು ಹೊಸದಲ್ಲ. ಎಥೆನಾಲ್ ತೇವವನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ತಿಂಗಳುಗಟ್ಟಲೆ ನಿಂತೇ ಇರುವ ಹಳೆಯ ಗಾಡಿಗಳಲ್ಲಿ ತೊಂದರೆ ಬರಬಹುದು. ಹಳೆಯ ಮಾದರಿಯವರು ಪೆಟ್ರೋಲಿನ ರಬ್ಬರ್ ನಳಿಕೆಗಳನ್ನು ಪರೀಕ್ಷಿಸಿಕೊಳ್ಳುವುದು ಲೇಸು.

ಹಾಗೆಂದು ನಡುಗುವ ಗಾಡಿಯನ್ನು ಹಾಗೇ ಓಡಿಸುತ್ತ ಕೂಡಬಾರದು. ಉರಿಯದ ಪೆಟ್ರೋಲ್ ಸಿಲಿಂಡರಿನ ಎಣ್ಣೆಯನ್ನು ತೊಳೆಯುತ್ತದೆ. ಹೊಗೆ ಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನು ಕೆಡಿಸುತ್ತದೆ. ಅದು ಬಹಳ ದುಬಾರಿ ಭಾಗ. ಇಂಜಿನ್ ದೀಪ ಮಿಣುಕುತ್ತಿದ್ದರೆ ಗಾಡಿ ನಿಲ್ಲಿಸಿ ಮಿಸ್ತ್ರಿಯನ್ನು ಕರೆಸಿರಿ.

ಮನೆಯವರಿಗೆ ಮೂರು ಎಚ್ಚರಿಕೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಚಾಲೂ ಇಡಬೇಡಿರಿ, ಅದರ ಹೊಗೆಯಲ್ಲಿನ ವಾಸನೆಯಿಲ್ಲದ ಅನಿಲ ಪ್ರಾಣ ತೆಗೆಯುತ್ತದೆ. ಚಾಲೂ ಇಂಜಿನ್ನಿನ ಪ್ಲಗ್ಗಿನ ವೈರನ್ನು ಕೈಯಿಂದ ಎಳೆಯಬೇಡಿರಿ, ಅದರಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಧೋತರದ ಚುಂಗು, ಸೀರೆಯ ಸೆರಗು, ಹೆಗಲ ಮೇಲಿನ ಟವೆಲ್ಲು ತಿರುಗುವ ಬೆಲ್ಟಿನ ಹತ್ತಿರ ಸುಳಿಯಬಾರದು.

ಕೊನೆಗೆ ಡ್ರೈವರನ ಮಾತು. ಗಾಡಿ ಗುಣವಾದ ದಿನವೇ ಸಂಜೆ ಅವನ ಮನೆಗೆ ಹೋದೆವು. 17 ವರ್ಷದಲ್ಲಿ ಅವನ ಮನೆಯ ಹೊಸ್ತಿಲು ತುಳಿದದ್ದು ಅದೇ ಮೊದಲು. ಸೀಳಿದ ನಳಿಕೆಯ ತುಂಡನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿದ್ದೆವು. ಅದನ್ನು ಅವನ ಕೈಗೆ ಕೊಟ್ಟು, "ಮೂರು ಕಿಲೋಮೀಟರ್ ಇದರಾಗ ಹೋಗಿತ್ತಪಾ. ನಮ್ಮದು ತಪ್ಪಾತು" ಎಂದೆವು. ಅವನ ಹೆಂಡತಿ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ಅವಳಿಗೂ ಕೇಳಲಿ ಎಂದೇ ಸ್ವಲ್ಪ ಗಟ್ಟಿಯಾಗಿ ಹೇಳಿದೆವು.

ಅವನು ತುಂಡನ್ನು ತಿರುವಿ ತಿರುವಿ ನೋಡಿದ. "ಹೋಗ್ಲಿ ಬಿಡ್ರಿ ಅಣ್ಣಾ" ಎಂದ. ಬಳಿಕ ಕೇಳಿದ, "ಬ್ರೇಕ್ ಈಗ ಹಗರ ಆಗೈತಿಲ್ರಿ? ದೊಡ್ಡ ಅಣ್ಣಾವ್ರನ್ನ ಕರ್ಕೊಂಡು ಹೋಗೂ ಗಾಡಿ ಅದು."

ಅವನು ನಮ್ಮಲ್ಲಿಗೆ ಮರಳಲಿಲ್ಲ. ಆಗಲೇ ಒಂದು ಶಾಲೆಯ ವ್ಯಾನ್ ಓಡಿಸಲು ಒಪ್ಪಿಕೊಂಡಿದ್ದ, ಮಾತು ಕೊಟ್ಟಾಗಿದೆ ಎಂದ. ನಾವು ಒತ್ತಾಯ ಮಾಡಲಿಲ್ಲ. ಮರುದಿನ ಅಂಗಡಿಯಲ್ಲಿ ಅದೇ ಇಬ್ಬರು ಗುಮಾಸ್ತರನ್ನು ಕರೆದು ನಡೆದದ್ದನ್ನು ಹೇಳಿದೆವು. ಎದುರಿಗೆ ಆಡಿದ ಮಾತನ್ನು ಎದುರಿಗೇ ಹಿಂದಕ್ಕೆ ತೆಗೆದುಕೊಳ್ಳಬೇಕಲ್ಲವೇ?

ಖರ್ಚಿನ ವಹಿಯಲ್ಲಿ ಆ ತಿಂಗಳು 11,900 ರೂಪಾಯಿ ಕಾರಿನ ಖಾತೆಗೆ ಬಿದ್ದಿದೆ. 17 ವರ್ಷದ ಒಬ್ಬ ಮನುಷ್ಯನನ್ನು ಯಾವ ಖಾತೆಗೆ ಬರೆಯಬೇಕೆಂದು ನಮಗೆ ಇನ್ನೂ ತಿಳಿದಿಲ್ಲ. ನಿಮ್ಮ ಗಾಡಿ ನಡುಗಿದರೆ ಮೊದಲು ಅದನ್ನು ಓಡಿಸುವವನನ್ನು ಕೂಡ್ರಿಸಿ, ಚಹಾ ಕೊಟ್ಟು, ಅವನ ಮಾತನ್ನು ಪೂರ್ತಿ ಕೇಳಿರಿ. ಬಾನೆಟ್ ಎತ್ತುವುದು ಆಮೇಲೆ.

ಮುಂದಿನ ತಿಂಗಳು ಮನೆಯ ನೀರಿನ ಪಂಪಿನ ಬಗ್ಗೆ ಬರೆಯುತ್ತೇವೆ. ನಿಮ್ಮ ಅನುಭವಗಳಿದ್ದರೆ ತಿಳಿಸಿರಿ.